ಆಷಾಢದಲ್ಲಿ ಸುಡತಕ್ಕ ಕಾಗದಗಳು

ಸರ್ಕಾರಿ ಕಾಗದದ ಜೊತೆ ಬದುಕಿದವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಬರವಿರುವುದು ಆ ಹೊತ್ತಿನಲ್ಲಿ ನಗುವ ಧೈರ್ಯಕ್ಕೆ. ಮಹಾರಾಜರ ಕಾಲದಲ್ಲಿ ಕಾಫಿ ಗುಡ್ಡದ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ರೆಕಾರ್ಡ್ ಕೀಪರ್ ಆಗಿದ್ದೆ. ಯಾವ ತಾಲ್ಲೂಕು ಎಂದು ಕೇಳಬೇಡಿ, ಹೇಳುವುದಿಲ್ಲ. ಪಿಂಚಣಿ ಇನ್ನೂ ಬರುತ್ತಿದೆ.

ಆ ವರ್ಷ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಒಂದು ಅನುಮಾನ ಬಂತು. ದಾಖಲೆಗಳನ್ನು ಹೇಗಿಡಬೇಕು, ಎಷ್ಟು ವರ್ಷ ಇಡಬೇಕು, ಯಾವಾಗ ಸುಡಬೇಕು ಎಂದು ಬೆಂಗಳೂರಿನಲ್ಲಿ ಕೂತು ನಿಯಮ ಮಾಡಿದ್ದೆವಲ್ಲ, ಅವು ಊರುಕೇರಿಗಳಲ್ಲಿ ನಡೆಯುತ್ತಿವೆಯೇ? ನೋಡಿ ವರದಿ ಮಾಡಿ ಎಂದು ನಮ್ಮ ಅಸಿಸ್ಟೆಂಟ್ ಕಮೀಷನರ್ ಸಾಹೇಬರಿಗೆ ಹುಕುಂ ಆಯಿತು. ಅವರು ನಮ್ಮಲ್ಲಿ ಕ್ಯಾಂಪು ಮಾಡಿದ್ದು ಮೂರು ದಿನ. ಅದಕ್ಕೆ ಮುಂಚಿನ ಎರಡು ದಿನದ ಗಡಿಬಿಡಿ ಸೇರಿಸಿದರೆ ಐದು. ಆ ಐದು ದಿನ ನನಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿದ್ದದ್ದು ಬೆವರು.

ನಿಯಮದ ಪುಸ್ತಕ ಇದೆಯೇ?

ಸಾಹೇಬರಿಗಿಂತ ಮೊದಲು ಅವರ ಪ್ರಶ್ನೆಪಟ್ಟಿ ಬಂತು. ತಾಲ್ಲೂಕಿನ ಮುಖ್ಯ ಅಧಿಕಾರಿ ಅಮಲ್ದಾರರು ವರ್ಗವಾಗಿ ಹೋಗಿದ್ದರು, ಹೊಸಬರು ಇನ್ನೂ ಬಂದಿರಲಿಲ್ಲ. ಹಾಗಾಗಿ ಕಚೇರಿಯ ಭಾರವೆಲ್ಲ ಶಿರಸ್ತೇದಾರರ ತಲೆಯ ಮೇಲಿತ್ತು. ವಯಸ್ಸಾದವರು, ಒಳ್ಳೆಯವರು, ಚಿಟಿಕೆ ನಶ್ಯ ಏರಿಸದೆ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೊದಲನೇ ಪ್ರಶ್ನೆ ಓದಿದರು: "ದಾಖಲೆ ನಿಯಮಗಳ ಪುಸ್ತಕವು ಕಚೇರಿಯಲ್ಲಿ ಇದೆಯೇ?"

"ಇದೆ ಅಂತ ಬರೀರಿ" ಎಂದೆ.

"ಬರೀತೀನಿ. ತಗೊಂಡು ಬಾ, ನೋಡಿ ಬರೀತೀನಿ."

ಹುಡುಕಿದೆ. ಬೀರು, ಪೆಟ್ಟಿಗೆ, ಅಮಲ್ದಾರರ ಮೇಜಿನ ಖಾನೆ, ಕೊನೆಗೆ ಕುಂಟುತ್ತಿದ್ದ ಬೆಂಚಿನ ಕಾಲಡಿ ಕೂಡ. ಅಲ್ಲಿ ಒಂದು ಪುಸ್ತಕವೇನೋ ಇತ್ತು, ಅದು ಅಬ್ಕಾರಿ ನಿಯಮದ್ದು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ದೂಳಾಗಿ ಬಂದು ಕೈಮುಗಿದು ನಿಂತೆ. ಶಿರಸ್ತೇದಾರರು ಲೇಖನಿ ಕೆಳಗಿಟ್ಟರು. ಮೊದಲನೇ ಪ್ರಶ್ನೆಗೇ ಇಲ್ಲ ಎಂದು ಬರೆದರೆ ಉಳಿದ ಇಪ್ಪತ್ತೊಂದನ್ನು ಸಾಹೇಬರು ಓದುವುದೇ ಬೇಡ.

"ಪುಸ್ತಕ ಕಾಣೆಯಾದ್ರೆ ಏನು ಮಾಡ್ಬೇಕು, ಯಾರಿಗೆ ಬರೀಬೇಕು, ಅದಕ್ಕೂ ಒಂದು ನಿಯಮ ಇರ್ಬೇಕಲ್ಲೋ" ಎಂದರು.

"ಖಂಡಿತ ಇರುತ್ತೆ ಸ್ವಾಮಿ."

"ಮತ್ತೆ ನಿಂತುಕೊಂಡು ಎಂತ ನೋಡ್ತೀಯ? ಹೋಗು, ನಿಯಮದ ಪುಸ್ತಕದಲ್ಲಿ ನೋಡಿಕೊಂಡು ಬಾ."

ಎಮ್ಮೆ ಎಲ್ಲಿದೆ?

ಅದೇ ದಿನ ಮಧ್ಯಾಹ್ನ ಬಾಳೂರು ಕಡೆಯ ಒಬ್ಬ ಗೌಡ್ತಮ್ಮ ಬಂದರು. ಗಂಡ ತೀರಿಕೊಂಡು ವರ್ಷವಾಗಿತ್ತು. ಇದ್ದದ್ದು ಎರಡು ಎಕರೆ ಕಾಫಿ, ಅದರ ಮೇಲುಗಡೆ ಒಂದು ಒರತೆ. ಪಕ್ಕದ ದೊಡ್ಡ ಎಸ್ಟೇಟಿನವರಿಗೆ ಆ ಒರತೆಯ ಮೇಲೆ ಕಣ್ಣು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವುದಕ್ಕೆ ಅವರಿಗೆ ನೀರು ಬೇಕಿತ್ತು. ಆ ಎರಡು ಎಕರೆ ತಮ್ಮ ಗಡಿಯೊಳಗೆ ಬರುತ್ತದೆ ಎಂದು ಅರ್ಜಿ ಹಾಕಿದ್ದರು. ಶುಕ್ರವಾರ ಸಾಹೇಬರ ಎದುರು ವಿಚಾರಣೆ.

"ನಮ್ಮನೇರಿಗೆ ಸರ್ಕಾರದಿಂದಲೇ ಮಂಜೂರಾದ ಜಮೀನು ಸ್ವಾಮಿ. ನಕ್ಷೆ ಸಮೇತ ಇತ್ತು" ಎಂದರು.

"ನಿಮ್ಮ ಹತ್ತಿರ ಇರೋ ನಕಲು ತನ್ನಿ."

"ಹೋದ ಬೇಸಿಗೆಯಲ್ಲಿ ನಮ್ಮ ಹುಲ್ಲಿನ ಮಾಡಿಗೆ ಬೆಂಕಿ ಬಿತ್ತು. ಪೆಟ್ಟಿಗೆ ಸಮೇತ ಹೋಯ್ತು. ಸರ್ಕಾರದ ಹತ್ರ ಒಂದು ಇರುತ್ತಲ್ಲ, ಅದನ್ನ ತೆಗೀರಿ."

ಕಡತ ತೆಗೆಸಲು ಅರ್ಜಿ ಬೇಕು. ಅರ್ಜಿಯಲ್ಲಿ ಕಡತದ ನಂಬರು ಬೇಕು. ನಂಬರು ತಿಳಿಯಬೇಕಾದರೆ ಕಡತ ನೋಡಬೇಕು. ಕಡತ ನೋಡಬೇಕಾದರೆ ಅರ್ಜಿ ಬೇಕು. ಇಷ್ಟನ್ನು ನಾನು ಆಕೆಗೆ ಎರಡು ಸಲ ಬಿಡಿಸಿ ಹೇಳಿದೆ. ಎರಡನೇ ಸಲ ಹೇಳುವಾಗ ನನಗೇ ನಾಚಿಕೆಯಾಯಿತು.

ಆಕೆ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಕೇಳಿದರು, "ಅಲ್ಲ ಸ್ವಾಮಿ, ನನ್ನ ಎಮ್ಮೆ ಕಳೆದುಹೋದ್ರೆ, ಹುಡುಕಿಕೊಡೋರಿಗೆ ಅದು ಎಲ್ಲಿದೆ ಅಂತ ನಾನೇ ಮೊದ್ಲು ಹೇಳ್ಬೇಕಾ?"

ದಪ್ಪ ಕಡತ, ತೆಳ್ಳನೆ ಕಡತ

ನಿಯಮ ಪಕ್ಕಕ್ಕಿಟ್ಟು ಹುಡುಕಲು ಕೂತೆ. ಮಂಗಳವಾರ ನಂಬರು ಸಿಕ್ಕಿತು, ಆದರೆ ಸಿಗಬಾರದ ಕಡೆ ಸಿಕ್ಕಿತು: ನಾಶಪಡಿಸಿದ ದಾಖಲೆಗಳ ರಿಜಿಸ್ಟರಿನಲ್ಲಿ. ಎಂಟು ವರ್ಷದ ಹಿಂದೆ, ನಾನು ಈ ಕಚೇರಿಗೆ ಬರುವುದಕ್ಕೆ ಐದು ವರ್ಷ ಮೊದಲೇ, ಆ ಕಡತ ಸುಟ್ಟುಹೋಗಿತ್ತು.

ನಮ್ಮಲ್ಲಿ ಕಡತಗಳಿಗೆ ನಾಲ್ಕು ದರ್ಜೆ. ಎ ಅಂದರೆ ಶಾಶ್ವತವಾಗಿ ಇಡತಕ್ಕದ್ದು. ಬಿ, ಸಿ ಅಂದರೆ ಕೆಲವು ವರ್ಷ. ಡಿ ಅಂದರೆ ಅವಧಿ ಮುಗಿದೊಡನೆ ಸುಡತಕ್ಕದ್ದು. ಜಮೀನು ಮಂಜೂರಾತಿ ಎಂದರೆ ಕಣ್ಣು ಮುಚ್ಚಿಕೊಂಡು ಎ ದರ್ಜೆ. ಗೌಡ್ತಮ್ಮನ ಕಡತ ಡಿ ದರ್ಜೆಗೆ ಹೋದದ್ದು ಹೇಗೆ?

ಶಿರಸ್ತೇದಾರರು ನಶ್ಯದ ಡಬ್ಬಿ ತಟ್ಟುತ್ತ ಯೋಚಿಸಿದರು. "ನಿನಗಿಂತ ಹಿಂದೆ ಇದ್ದ ರೆಕಾರ್ಡ್ ಕೀಪರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಡತ ಓದಿ ದರ್ಜೆ ಹಾಕೋದು ಅವನಿಂದ ಆಗ್ತಿರ್ಲಿಲ್ಲ. ಅದಕ್ಕೆ ಅವನದೇ ಒಂದು ಕ್ರಮ ಮಾಡಿಕೊಂಡಿದ್ದ. ದಪ್ಪ ಇದ್ರೆ ಶಾಶ್ವತ. ತೆಳ್ಳಗಿದ್ರೆ ಸುಡು."

ನನಗೆ ಮೈಯೆಲ್ಲ ಉರಿಯಿತು. ವಕೀಲರನ್ನಿಟ್ಟು ಹತ್ತು ವರ್ಷ ಜಗಳವಾಡಿದವರ ಕಡತ ದಪ್ಪವಾಗುತ್ತದೆ. ಒಂದು ಅರ್ಜಿ ಕೊಟ್ಟು, ಕೊಟ್ಟದ್ದನ್ನು ತೆಗೆದುಕೊಂಡು, ತೆಪ್ಪಗೆ ಗಿಡ ನೆಟ್ಟುಕೊಂಡು ಹೋದ ಬಡವನದ್ದು ನಾಲ್ಕು ಹಾಳೆ. ಆ ನಾಲ್ಕು ಹಾಳೆಯ ಮೇಲೆ ಒಬ್ಬ ಹೆಂಗಸಿನ ಬದುಕು ನಿಂತಿತ್ತು.

"ಹಾಗಾದ್ರೆ ಯಾವುದು ಯಾವ ವಿಷಯದ್ದು ಅಂತ ಯಾರೂ ನೋಡಲೇ ಇಲ್ವಾ ಸ್ವಾಮಿ?"

"ನೋಡ್ತಿದ್ದನಪ್ಪ, ಯಾಕೆ ನೋಡಲ್ಲ! ಆದ್ರೆ ವಿಷಯ ಅಲ್ಲ, ಗಾತ್ರ. ದಪ್ಪ ಫೈಲು ತಂದವರನ್ನು ಅವನು ಎದ್ದು ನಿಂತು ಮಾತಾಡಿಸ್ತಿದ್ದ."

ಕೆಳಗಿನ ಸಹಿ

ಅಷ್ಟಕ್ಕೇ ಮುಗಿದಿದ್ದರೆ ನನ್ನ ಪಾಡು ಸುಲಭವಿತ್ತು. ರಿಜಿಸ್ಟರಿನ ಆ ಪುಟದ ಕೆಳಗೆ ಒಂದು ಷರಾ ಇತ್ತು: "ಮೇಲ್ಕಂಡ ದಾಖಲೆಗಳನ್ನು ಜೂನ್ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಕಚೇರಿಯ ಅಂಗಳದಲ್ಲಿ, ನನ್ನ ಸಮಕ್ಷಮದಲ್ಲಿ ಸುಟ್ಟು ಬೂದಿ ಮಾಡಲಾಗಿದೆ." ಅದರಡಿ ಆಗಿನ ಅಮಲ್ದಾರರ ಸಹಿ.

ಆ ಅಮಲ್ದಾರರು ಇಲ್ಲಿ ಆರೇ ತಿಂಗಳು ಇದ್ದು, ಬಡ್ತಿ ಪಡೆದು ಹೋದವರು. ಮೇಲೆ ಮೇಲೆ ಏರಿ ಈಗ ಅಸಿಸ್ಟೆಂಟ್ ಕಮೀಷನರ್ ಆದವರು. ಬುಧವಾರ ನಮ್ಮ ದಫ್ತರ ತಪಾಸಣೆಗೆ ಬರಲಿದ್ದವರು. ಸಹಿ ಸಾಹೇಬರದ್ದೇ.

ಶಿರಸ್ತೇದಾರರು ಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಆಮೇಲೆ ಕಿಟಕಿಯಿಂದ ಅಂಗಳವನ್ನು ನೋಡಿದರು. "ನಿಯಮ ಬರೆದೋರು ಬಯಲುಸೀಮೆಯವರು ಮಾರಾಯ. ಸರ್ಕಾರಿ ವರ್ಷ ಜೂನಿಗೆ ಮುಗಿಯುತ್ತೆ, ಅಷ್ಟರೊಳಗೆ ಸುಡಿ ಅಂತ ಬರೆದುಬಿಟ್ರು. ಆಷಾಢದಲ್ಲಿ ಈ ಅಂಗಳದಲ್ಲಿ ಬೀಡಿ ಹಚ್ಚೋಕಾಗಲ್ಲ. ಮೂರು ಗಂಟೆಗೆ ಕಾಗದ ಸುಟ್ಟರಂತೆ!"

"ಮತ್ತೆ ಸಹಿ?"

"ಸಾಹೇಬರು ಆ ದಿನ ಕೊಡೆ ಬಿಡಿಸಿಕೊಂಡು ಬಾಗಿಲ ತನಕ ಬಂದ್ರು. ಮಳೆ ನೋಡಿದ್ರು. 'ಸುಟ್ಟಾಯ್ತು ಅಂತ ಬರ್ಕೊಳ್ಳಿ' ಅಂದ್ರು. ಒಳಗೆ ಹೋಗಿ ಕಾಫಿ ಕುಡಿದ್ರು. ನಾನೇ ತಂದುಕೊಟ್ಟದ್ದು."

ನನ್ನೆದೆಯಲ್ಲಿ ಒಂದು ಆಸೆ ಚಿಗುರಿತು, ಅದರ ಬೆನ್ನಿಗೇ ಒಂದು ಭಯ. ಕಡತ ಸುಡದೆ ಉಳಿದಿದ್ದರೆ ಗೌಡ್ತಮ್ಮನ ಜಮೀನು ಉಳಿಯುತ್ತದೆ. ಆದರೆ ಸಾಹೇಬರ ಸಹಿ ಸುಳ್ಳಾಗುತ್ತದೆ. ಅದನ್ನು ಸಾಹೇಬರ ಎದುರಿಗೇ ಸುಳ್ಳು ಮಾಡಬೇಕಾದವನು ನಾನು.

ಹೊರಗೆ ಜಗಲಿಯಲ್ಲಿ ಕೂತಿದ್ದ ಗೌಡ್ತಮ್ಮನಿಗೆ ಕಡತ ಸುಟ್ಟ ಸುದ್ದಿ ಹೇಳಿದೆ. ಸಹಿಯ ಮಾತು ಎತ್ತಲಿಲ್ಲ. ಆಕೆ ಕೇಳಿದರು, "ಬೂದಿ ಕಂಡೋರು ಯಾರಾದ್ರೂ ಇದ್ದಾರಾ?" ಸುಟ್ಟವನು ಆಗಿನ ದಲಾಯತ್, ಕಚೇರಿಯ ಆಳು, ಈಗ ಕೆಲಸ ಬಿಟ್ಟು ಕಳಸದ ಹತ್ತಿರ ಮಗಳ ಮನೆಯಲ್ಲಿದ್ದಾನೆ ಎಂದೆ. "ಹಾಗಾದ್ರೆ ಹೋಗಿ ಕೇಳಿ. ನಾನು ಇಲ್ಲೇ ಕೂತಿರ್ತೀನಿ" ಎಂದು ಎಲೆಯಡಿಕೆ ಚೀಲ ಬಿಚ್ಚಿದರು.

ತಾಲ್ಲೂಕು ಕಚೇರಿಯ ಗುಮಾಸ್ತನನ್ನು ಹೀಗೆ ಕ್ಯಾಂಪಿಗೆ ಕಳಿಸುವ ಅಧಿಕಾರ ಯಾರಿಗಿದೆ ಎಂದು ನೋಡಲು ನಮ್ಮ ಹತ್ತಿರ ನಿಯಮದ ಪುಸ್ತಕವೇ ಇರಲಿಲ್ಲವಲ್ಲ, ಹಾಗಾಗಿ ಒಪ್ಪಿಕೊಂಡೆ.

ಗಂಟು ಸರಿಯಾಗಿದೆ

ಬುಧವಾರ ಸಾಹೇಬರು ಬಂದರು. ಬೂಟಿನ ಸದ್ದಿಗೇ ಕಚೇರಿ ಎದ್ದು ನಿಂತಿತು. ನೇರ ರೆಕಾರ್ಡ್ ರೂಮಿಗೆ ನುಗ್ಗಿ, "ಎ ದರ್ಜೆ ತೋರಿಸು" ಎಂದರು.

ಶಾಶ್ವತ ದಾಖಲೆಗಳ ಬೀರು ತೆಗೆದೆ. ಕೆಂಪು ಬಟ್ಟೆಯ ಗಂಟುಗಳು ಸಾಲಾಗಿ ಕೂತಿದ್ದವು. ಮೂರು ತಿಂಗಳಿಗೊಮ್ಮೆ ಗಂಟುಗಳನ್ನು ಪರೀಕ್ಷಿಸಿ ಸಹಿ ಹಾಕಬೇಕೆಂದು ನಿಯಮ. ರಿಜಿಸ್ಟರಿನಲ್ಲಿ ಹನ್ನೆರಡು ವರ್ಷದಿಂದ ಒಂದೂ ತಪ್ಪದೆ ಬರೆದಿತ್ತು: "ಗಂಟು ಸರಿಯಾಗಿದೆ." ಕೊನೆಯ ಹನ್ನೆರಡು ಸಹಿ ನನ್ನವೇ.

ಸಾಹೇಬರು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. "ಒಂದು ಬಿಚ್ಚು."

ಗಂಟು ಸರಿಯಾಗಿದೆಯೇ ಎಂದು ನೋಡುತ್ತಿದ್ದೆವು, ಬಿಚ್ಚಿ ನೋಡುತ್ತಿರಲಿಲ್ಲ. ಬಿಚ್ಚಿದರೆ ಗಂಟು ಸರಿಯಾಗಿರುವುದಾದರೂ ಹೇಗೆ? ಬಿಚ್ಚಿದೆ. ಒಳಗೆ ಕಾಗದವಿರಲಿಲ್ಲ. ಗೆದ್ದಲು ಕಟ್ಟಿದ ಮಣ್ಣಿತ್ತು, ಬಟ್ಟೆಯ ಆಕಾರಕ್ಕೆ ಅಚ್ಚುಕಟ್ಟಾಗಿ ನಾಲ್ಕು ಮೂಲೆಯೂ ಚೌಕವಾಗಿ. ಎರಡನೆಯದು ಬಿಚ್ಚಿಸಿದರು. ಅದೂ ಅಷ್ಟೆ. ಮೂರನೆಯದರಲ್ಲಿ ಗೆದ್ದಲು ಇನ್ನೂ ಕೆಲಸದಲ್ಲಿತ್ತು.

ಸಾಹೇಬರ ಮುಖ ಕೆಂಪೇರಿತು. "ನಾನು ಇಲ್ಲಿ ಅಮಲ್ದಾರನಾಗಿದ್ದಾಗ ಹೀಗಿರ್ಲಿಲ್ಲ! ಒಂದೊಂದು ಕಾಗದಕ್ಕೂ ಲೆಕ್ಕ ಇತ್ತು. ಶುಕ್ರವಾರ ವಿಚಾರಣೆ ಮುಗೀಲಿ, ಆಮೇಲೆ ನಿನ್ನ ಸರದಿ. ಕೆಲಸದ ಆಸೆ ಬಿಟ್ಟುಬಿಡು." ಹೇಳಿ ಹೊರಟೇಹೋದರು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಊರಿನಲ್ಲಿ ತಾಯಿ. ಗೋಡೆ ಹಿಡಿದು ನಿಂತೆ.

ಶಿರಸ್ತೇದಾರರು ಬಂದು ಬೆನ್ನು ಸವರಿದರು. ಅಭ್ಯಾಸಬಲದಿಂದ ಬಟ್ಟೆಯ ನಾಲ್ಕು ತುದಿ ಸೇರಿಸಿ ಬಿಗಿಯಾಗಿ ಕಟ್ಟಿದರು. "ಎದೆಗುಂದಬೇಡ ಕಣೋ. ನೋಡು, ಗಂಟು ಈಗಲೂ ಸರಿಯಾಗೇ ಇದೆ."

ಇನ್ನೂ ಒಣಗಿಲ್ಲವೇನೋ

ಗುರುವಾರ ಸಾಹೇಬರು ಶಾನುಭೋಗರ ಲೆಕ್ಕ ನೋಡಲು ಹಳ್ಳಿಗಳ ಕಡೆ ಹೋದರು. ನಾನು ಬೆಳಗಿನ ಬಸ್ಸು ಹಿಡಿದು ಕಳಸದ ದಾರಿ ಹಿಡಿದೆ. ಹಣ್ಣು ಕುಯ್ಯುವ ಕಾಲ, ಬಸ್ಸಿನ ತುಂಬ ಆಳುಗಳು, ಬುಟ್ಟಿಗಳು. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು: ಸುಟ್ಟನೋ, ಇಲ್ಲವೋ?

ಮುದುಕ ಅಂಗಳದಲ್ಲಿ ಮೆಣಸು ಹರವುತ್ತಿದ್ದ. ನನ್ನ ಕೋಟು ನೋಡಿದ್ದೇ ಸೆಟೆದು ನಿಂತು ಸಲಾಮು ಹೊಡೆದ. ವಿಷಯ ಎತ್ತಿದೊಡನೆ, "ಸುಟ್ಟೆ ಸ್ವಾಮೇರೆ! ಪೂರಾ ಸುಟ್ಟೆ! ಬೂದಿಯನ್ನೂ ಬಿಡಲಿಲ್ಲ" ಎಂದ. ಕಣ್ಣು ಮಾತ್ರ ನನ್ನನ್ನು ನೋಡುತ್ತಿರಲಿಲ್ಲ.

ಜಗಲಿಯ ಮೇಲೆ ಕೂತೆ. "ಹಾಗಾದ್ರೆ ಆ ಹೆಂಗಸಿನ ಜಮೀನು ಹೋಯ್ತು ಅನ್ನು" ಎಂದೆ. ಯಾವ ಹೆಂಗಸು ಎಂದು ಕೇಳಿದ. ಹೇಳಿದೆ. ಮುದುಕ ಮೆಣಸಿನಲ್ಲಿ ಕೈಯಾಡಿಸುತ್ತ ಕೇಳಿದ:

"ನನ್ನ ಮೇಲೆ ಕೇಸು ಆಗಲ್ಲ ತಾನೆ?"

"ಆಗಲ್ಲ ಮಾರಾಯ, ಹೇಳು."

"ಮೂರು ದಿನ ಪ್ರಯತ್ನಪಟ್ಟೆ ಸ್ವಾಮೇರೆ. ಕಚೇರಿಯಿಂದ ಕೊಟ್ಟದ್ದು ಒಂದೇ ಬೆಂಕಿಪೊಟ್ಟಣ. ಕಡ್ಡಿ ಎಲ್ಲ ಮುಗಿದ್ರೂ ಒಂದು ಹಾಳೆ ಹತ್ತಲಿಲ್ಲ. ನೀರು ಕುಡಿದು ಹಸಿಬಟ್ಟೆ ಆಗಿದ್ವು. ಸುಡದೆ ಬಿಟ್ಟರೆ ಹುಕುಂ ಮೀರಿದ ಹಾಗೆ. ಒಣಗಿಸಿಕೊಂಡು ಆಮೇಲೆ ಸುಡೋಣ ಅಂತ ತಂದು, ಅಳಿಯ ಏಲಕ್ಕಿ ಒಣಗಿಸೋ ಮನೆಯ ಅಟ್ಟದ ಮೇಲೆ ಹಾಕಿದೆ. ಕೆಳಗೆ ಬೆಂಕಿ ಇರುತ್ತಲ್ಲ."

"ಆಮೇಲೆ ಸುಟ್ಟೆಯಾ?"

"ಆಮೇಲೆ ಬಿಸಿಲು ಬರೋ ಹೊತ್ತಿಗೆ ಆ ಅಮಲ್ದಾರರು ಹೋದ್ರು. ಬೇರೆಯೋರು ಬಂದ್ರು. ಸುಡು ಅಂತ ಅವರು ಹೇಳಲಿಲ್ಲ. ಹುಕುಂ ಇಲ್ಲದೆ ಸರ್ಕಾರದ ಕಾಗದ ಸುಡೋದು ಹೇಗೆ?"

ಏಣಿ ಹಾಕಿಸಿ ಅಟ್ಟ ಹತ್ತಿದೆ. ಎಂಟು ವರ್ಷದ ಹೊಗೆಯಲ್ಲಿ ಬಣ್ಣ ಕಂದಿದ ಗಂಟುಗಳು. ಬಿಚ್ಚಿದರೆ ಒಂದು ಗೆದ್ದಲಿಲ್ಲ, ಒಂದು ಹುಳವಿಲ್ಲ, ಒಂದಕ್ಷರ ಮಾಸಿಲ್ಲ. ಹಾಳೆಗಳು ಹಪ್ಪಳದ ಹಾಗೆ ಗರಿಗರಿ, ಏಲಕ್ಕಿಯ ಘಮ ಬೇರೆ. ಬಾಳೂರಿನ ನಾಲ್ಕು ಹಾಳೆ ಸಿಕ್ಕಿದಾಗ, ಒರತೆಯ ಗುರುತು ನಕ್ಷೆಯಲ್ಲಿ ಕಂಡಾಗ, ನಾನು ಅಟ್ಟದ ಮೇಲೇ ಕೂತು ಅತ್ತುಬಿಟ್ಟೆ. ಹೊಗೆಯಿಂದ ಎಂದು ಆಮೇಲೆ ಹೇಳಿದೆ.

ಕೆಳಗೆ ಏಣಿ ಹಿಡಿದುಕೊಂಡಿದ್ದ ಮುದುಕ ಆತಂಕದಿಂದ ಕೂಗಿದ, "ಎಂತ ಸ್ವಾಮೇರೆ? ಇನ್ನೂ ಸರಿಯಾಗಿ ಒಣಗಿಲ್ವಾ?"

ಬಸ್ಸಿನಲ್ಲಿ ರೈಟರ್

ಕಡತವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವುಚಿಕೊಂಡು ವಾಪಸು ಬಸ್ಸು ಹತ್ತಿದೆ. ಅರ್ಧದಾರಿಯಲ್ಲಿ ಪಕ್ಕಕ್ಕೆ ಬಂದು ಕೂತವರು ಬೇರೆ ಯಾರೂ ಅಲ್ಲ, ಗೌಡ್ತಮ್ಮನ ಮೇಲೆ ಅರ್ಜಿ ಹಾಕಿದ್ದ ಎಸ್ಟೇಟಿನ ರೈಟರ್. ಅಲ್ಲಿನ ಲೆಕ್ಕಪತ್ರ, ಕೋರ್ಟು ಕಚೇರಿ ಎಲ್ಲ ಅವರದೇ. ನಾಳೆಯ ವಿಚಾರಣೆಗೂ ಅವರೇ.

"ಓಹೋ, ರೆಕಾರ್ಡಿನವರು! ಕಳಸಕ್ಕೆ ಎಂತಕ್ಕೆ ಹೋಗಿದ್ರಿ?"

"ದೇವರ ದರ್ಶನಕ್ಕೆ."

ಮೂಗರಳಿಸಿ ನನ್ನ ಗಂಟಿನ ಕಡೆ ಬಗ್ಗಿದರು. "ಏಲಕ್ಕಿ ಘಮ ಅಲ್ವಾ? ತೋರ್ಸಿ, ಎಂತಾದ್ದು ನೋಡೋಣ."

"ಮನೆ ಖರ್ಚಿಗೆ, ಒಂದು ಸೇರು" ಎಂದು ಇನ್ನಷ್ಟು ಅವುಚಿಕೊಂಡೆ. ಅವರು ಬಿಡದೆ ಕೈ ಚಾಚಿ ಟವೆಲ್ಲನ್ನು ಎರಡು ಬೆರಳಲ್ಲಿ ಒತ್ತಿದರು. ಒಳಗೆ ಹಾಳೆ ಪರಪರ ಎಂದಿತು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ರೈಟರ್ ಮೆಚ್ಚಿ ತಲೆದೂಗಿದರು. "ಒಳ್ಳೇ ಹದದಲ್ಲಿ ಒಣಗಿದೆ ರೀ. ನಮ್ಮ ಎಸ್ಟೇಟಿನವರಿಗೆ ಹೀಗೆ ಒಣಗಿಸೋಕೆ ಬರಲ್ಲ."

ಸುಟ್ಟವರು ಎದ್ದು ಬಂದರೆ

ಶುಕ್ರವಾರ ಬೆಳಿಗ್ಗೆ ಶಿರಸ್ತೇದಾರರು ನನ್ನನ್ನು ಮೂಲೆಗೆ ಕರೆದರು. "ನೋಡು, ಕಡತ ಮೇಜಿನ ಮೇಲಿಟ್ಟರೆ ಸಾಹೇಬರ ಸಹಿ ಸುಳ್ಳು. ಇಡದಿದ್ರೆ ಗೌಡ್ತಿ ಬೀದಿಗೆ. ನಿನ್ನ ಕೆಲಸ ಹೇಗೂ ತೂಗಾಡ್ತಾ ಇದೆ. ಇಡಬೇಡ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಇಡು ಅನ್ನೋಕೆ ಧೈರ್ಯ ಬರಲ್ಲ." ಜಗಲಿಯಲ್ಲಿ ಗೌಡ್ತಮ್ಮ ಕೂತೇ ಇದ್ದರು, ಐದನೇ ದಿನ. ನಾನು ಆಕೆಯ ಮುಖ ನೋಡಿದೆ. ಆಮೇಲೆ ಯೋಚನೆ ಮಾಡುವುದು ಉಳಿಯಲಿಲ್ಲ.

ಸಾಹೇಬರು ಕೂತರು. ರೈಟರ್ ಎಸ್ಟೇಟಿನ ನಕ್ಷೆ ಹರಡಿ ಅರ್ಧ ಗಂಟೆ ಮಾತಾಡಿದರು. "ಸರ್ಕಾರಿ ದಾಖಲೆ ಏನು ಹೇಳುತ್ತೆ?" ಎಂದು ಸಾಹೇಬರು ನನ್ನ ಕಡೆ ತಿರುಗಿದರು. ಕಡತ ಇಟ್ಟೆ. ತೆಗೆದು ನೋಡಿದರು, ಮೂಸಿ ನೋಡಿದರು, ನಕ್ಷೆ ಬಿಡಿಸಿದರು. ಎರಡು ಎಕರೆ, ಗಡಿಕಲ್ಲು, ಒರತೆ, ಎಲ್ಲ ಕಣ್ಣಿಗೆ ಹೊಡೆಯುವಂತಿತ್ತು. "ಭೇಷ್! ಕಾಗದ ಇಟ್ಟರೆ ಹೀಗಿಡಬೇಕು" ಎಂದರು.

ರೈಟರ್ ಎದ್ದು ನಿಂತರು. ಅವರೂ ಕಚ್ಚಾ ಆಸಾಮಿಯಲ್ಲ, ರಿಜಿಸ್ಟರಿನ ಸುದ್ದಿಯನ್ನು ಮೊದಲೇ ಪತ್ತೆ ಮಾಡಿಕೊಂಡಿದ್ದರು. "ಸ್ವಾಮಿ, ಈ ನಂಬರಿನ ಕಡತ ಎಂಟು ವರ್ಷದ ಹಿಂದೆ ಸುಟ್ಟುಹಾಕಿದ್ದಾರೆ. ಸುಟ್ಟದ್ದು ಎಲ್ಲಿಂದ ಬಂತು? ಇದು ಈ ಗುಮಾಸ್ತ ಹೊಸದಾಗಿ ಸೃಷ್ಟಿ ಮಾಡಿದ್ದು. ರಿಜಿಸ್ಟರ್ ತರಿಸಿ ನೋಡಿ."

ಸಾಹೇಬರು ಮೇಜು ಗುದ್ದಿದರು. "ತಾ ರಿಜಿಸ್ಟರ್! ಸುಡದೆ ಸುಟ್ಟೆ ಅಂತ ಬರೆದಿದ್ರೆ ಬರೆದವನನ್ನ ಬಿಡೋದಿಲ್ಲ. ಸೃಷ್ಟಿ ಮಾಡಿದ್ರೆ ನಿನ್ನನ್ನ ಬಿಡೋದಿಲ್ಲ. ಓದು!"

ಓದಿದೆ. "...ನನ್ನ ಸಮಕ್ಷಮದಲ್ಲಿ ಸುಟ್ಟು ಬೂದಿ ಮಾಡಲಾಗಿದೆ."

"ಸಹಿ ಯಾರದು?"

"ಸ್ವಾಮಿ... ಅಕ್ಷರ ಸ್ವಲ್ಪ ಅಸ್ಪಷ್ಟ."

"ಕೊಡಿಲ್ಲಿ!" ಎಂದು ಕಿತ್ತುಕೊಂಡರು. ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. ಶಿರಸ್ತೇದಾರರು ನಶ್ಯ ಏರಿಸಿದ್ದರೂ ಸೀನನ್ನು ಹೇಗೋ ತಡೆದುಕೊಂಡಿದ್ದರು. ರೈಟರ್ ಉತ್ಸಾಹದಿಂದ ಹೇಳಿದರು, "ಆ ಸಹಿ ಮಾಡಿದವರನ್ನ ಎಲ್ಲಿದ್ರೂ ಹಿಡಿದು ಕರೆಸಿ ವಿಚಾರಿಸಬೇಕು ಸ್ವಾಮಿ!"

ಸಾಹೇಬರು ತಲೆಯೆತ್ತಲಿಲ್ಲ. ಅವರ ಕಿವಿ ಕೆಂಪಾಗುವುದನ್ನು ನಾನು ಕಂಡೆ. ಕೊನೆಗೆ ಬಹಳ ತಗ್ಗಿದ ದನಿಯಲ್ಲಿ ಗೌಡ್ತಮ್ಮನನ್ನು ಕೇಳಿದರು, "ನೋಡಮ್ಮ, ನಿನ್ನ ಕಡತ ಸುಟ್ಟಿದೆ ಅಂತ ದಾಖಲೆ ಹೇಳುತ್ತೆ. ನೀನೇನು ಹೇಳ್ತೀಯ?"

ಗೌಡ್ತಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನಾನು ಓದಿದೋಳಲ್ಲ ಸ್ವಾಮಿ. ಆದ್ರೆ ನಮ್ಮೂರಲ್ಲಿ, ಸತ್ತ ಅಂತ ತಿಳಿದೋನು ಎದ್ದು ಬಾಗಿಲಿಗೆ ಬಂದ್ರೆ, ಮಾಡ್ತಿರೋ ತಿಥಿ ನಿಲ್ಲಿಸ್ತೀವಿ. ತಿಥಿ ಲೆಕ್ಕ ಸರಿಯಾಗ್ಲಿ ಅಂತ ಅವನನ್ನ ಹಿಡಿದು ಸುಡೋದಿಲ್ಲ."

ಶಿರಸ್ತೇದಾರರ ಸೀನು ಆಗ ಹೊರಬಂತು. ಅದರ ಮರೆಯಲ್ಲಿ ಸಾಹೇಬರೂ ನಕ್ಕುಬಿಟ್ಟರು. ಆಮೇಲೆ ಪೆನ್ನು ತೆಗೆದು, ಕಡತ ಅಸಲಿ, ಜಮೀನು ಆಕೆಯದೇ, ಎಸ್ಟೇಟಿನ ಅರ್ಜಿ ವಜಾ ಎಂದು ಬರೆದು ಸಹಿ ಹಾಕಿದರು. ಈ ಸಲ ಸಹಿ ಹಾಕುವ ಮೊದಲು ಎರಡು ಸಲ ಓದಿದರು.

ಗೌಡ್ತಮ್ಮ ಕೈಮುಗಿದು ಹೊರಟವರು ಬಾಗಿಲಲ್ಲಿ ತಿರುಗಿ ನನ್ನನ್ನು ಕೇಳಿದರು, "ನನ್ನ ಕಾಗದ ಇನ್ನು ಎಲ್ಲಿಡ್ತೀರಿ?"

"ಶಾಶ್ವತ ದಾಖಲೆಗಳ ಬೀರುವಿನಲ್ಲಿ, ಅಮ್ಮ."

ಐದು ದಿನ ಜಗಲಿಯಲ್ಲಿ ಕೂತು ಕಚೇರಿಯನ್ನೆಲ್ಲ ಅರೆದು ಕುಡಿದಿದ್ದ ಆಕೆ ಗಾಬರಿಯಾದರು. "ಅಯ್ಯೋ ಬೇಡ ಸ್ವಾಮಿ! ದಮ್ಮಯ್ಯ, ಸುಡೋ ಕಾಗದದ ಜೊತೆಗೇ ಇಡಿ!"

ಎಲ್ಲರೂ ಹೋದ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು. ಕೆಲಸದ ಮಾತೆತ್ತಲಿಲ್ಲ. "ಕೂತ್ಕೋ. ಸರ್ಕಾರಕ್ಕೆ ವರದಿ ಬರೀಬೇಕು. ಬರ್ಕೋ" ಎಂದರು. ಕಿಟಕಿಯ ಕಡೆ ಮುಖ ಮಾಡಿ ನಿಧಾನವಾಗಿ ಹೇಳಿದರು: "ಈ ತಾಲ್ಲೂಕಿನಲ್ಲಿ ಶಾಶ್ವತವಾಗಿ ಕಾಪಾಡತಕ್ಕ ದಾಖಲೆಗಳು ಗೆದ್ದಲಿನ ಪಾಲಾಗಿರುತ್ತವೆ. ನಾಶಪಡಿಸಿದ ದಾಖಲೆಗಳು ಮಾತ್ರ ಅತ್ಯಂತ ಸುಸ್ಥಿತಿಯಲ್ಲಿರುತ್ತವೆ."

ನನ್ನ ಲೇಖನಿ ನಿಂತಿತು. "ಸ್ವಾಮಿ, ಇದನ್ನ ಮೇಲಿನವರು ಓದಿದ್ರೆ?"

"ನಾನೂ ಮೇಲಿನವನೇ ಕಣಯ್ಯ. ನಾನೇನು ಓದಿ ಸಹಿ ಹಾಕಿದ್ನಾ? 'ಸುಸ್ಥಿತಿ' ಅನ್ನೋ ಮಾತಿದ್ರೆ ಸಾಕು, ಬರಿ."

ಬರೆದೆ, ಕಳಿಸಿದೆವು. ಮೂರು ತಿಂಗಳಿಗೆ ಬೆಂಗಳೂರಿನಿಂದ ಉತ್ತರ ಬಂತು. ಶಿರಸ್ತೇದಾರರು ಎದ್ದು ನಿಂತು ಎಲ್ಲರಿಗೂ ಓದಿ ಹೇಳಿದರು: "ತಮ್ಮ ವರದಿಯನ್ನು ಆಮೂಲಾಗ್ರವಾಗಿ ಪರಿಶೀಲಿಸಲಾಯಿತು. ದಾಖಲೆಗಳನ್ನು ನಾಶಪಡಿಸುವಲ್ಲಿ ಈ ತಾಲ್ಲೂಕು ತೋರಿಸಿರುವ ಶ್ರದ್ಧೆ ಮೆಚ್ಚತಕ್ಕದ್ದು. ಉಳಿದ ತಾಲ್ಲೂಕುಗಳೂ ಇದೇ ರೀತಿ ನಾಶಪಡಿಸತಕ್ಕದ್ದು."